ದೊರೆಸ್ವಾಮಿಯವರ ಶನಿವಾರದ ಕುದುರೆಗಳು

“ಮೂರನೇ ರೇಸು. ಮೂರು ಮೈಲಿ, ಹದಿನೆಂಟು ಬೇಲಿ. ನೆಲ ಒದ್ದೆಯಾಗಿದೆ ಸ್ವಾಮಿ, ಅವಸರದವರಿಗೆ ಇದು ಜಾಗ ಅಲ್ಲ. ಗೆಲ್ಲೋದು ಓಲ್ಡ್ ಬ್ಯಾರಿಸ್ಟರ್, ನಮ್ಮ ಮುದಿ ವಕೀಲರು. ವಯಸ್ಸಾಗಿದೆ, ಆದ್ರೆ ಒಂದೊಂದು ಬೇಲಿನೂ ಓದಿ ಅರ್ಥ ಮಾಡ್ಕೊಂಡೇ ಹಾರ್ತಾರೆ. ಜೊತೆಗೆ ಡ್ರಾ ಕೂಡ ಚೆನ್ನಾಗಿ ಬಂದಿದೆ. ಎರಡನೇದು ಗ್ರೇ ಕರ್ನಲ್. ಇನ್ನು ಮನೆಗೆ ಬರೋ ಕುದುರೆ, ಮಿಸ್ ಕೆಟಲ್.”

ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟ ಫೋನಿನಿಂದ ದೊರೆಸ್ವಾಮಿಯವರು ಮಾತಾಡುತ್ತಿದ್ದರು. ಕಳೆದ ಭಾನುವಾರ ಬೆಳಿಗ್ಗೆ, ವಾಕಿಂಗ್ ಹೋಗಿ ಬರುತ್ತೇನೆಂದು ಎನ್.ಆರ್. ಕಾಲೋನಿಯ ಈ ಮನೆಯಿಂದ ಹೊರಟವರು ವಾಪಸಾಗಿರಲಿಲ್ಲ. ಅವರ ಫೋನೂ ಹೃದಯದ ಮಾತ್ರೆಯ ಡಬ್ಬಿಯೂ ಮನೆಯಲ್ಲೇ ಉಳಿದಿದ್ದವು.

“ಕೇಳಿದ್ರಾ ಪ್ರತಿಭಾ ಆಂಟಿ?” ಅವರ ಮಗಳು ಆರಾಧನಾ ನನ್ನ ಕೈ ಹಿಡಿದುಕೊಂಡಳು. “ಅಪ್ಪನೇ. ನಿನ್ನೆ ಸಂಜೆ ಕುಶಾಲ್ ಚಾನೆಲ್ಲಲ್ಲಿ ಬಂತು. ಯಾರದೋ ಫೋನಿಂದ ಕಳಿಸಿದ್ರಂತೆ. ಚೆನ್ನಾಗಿದೀನಿ, ಹುಡುಕಬೇಡಿ ಅಂದ್ರಂತೆ.”

ಈ ಹುಡುಗಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗಿ ಎಂದೆನಾದರೂ ನಲವತ್ತು ದಾಟಿದವಳು, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ತಾಯಿ ತೀರಿಕೊಂಡ ಮೇಲೆ ಅಪ್ಪ ಮಗಳಿಬ್ಬರೇ. ವಾರವಿಡೀ ಎರಡು ತುತ್ತು ನೆಟ್ಟಗೆ ತಿಂದಿರದವಳು ಈವತ್ತು ಕುಕ್ಕರ್ ಇಟ್ಟಿದ್ದಳು. ಒಗ್ಗರಣೆಯ ಘಮ ಬರುತ್ತಿತ್ತು. ನನಗೂ ನಗು ಬಂತು.

ನನ್ನ ಸೊಸೆಗೆ ಮಾತ್ರ ಬರಲಿಲ್ಲ. ಗಗನಾ ಅಂದರೆ ಹಾಗೇ. ತ್ಯಾಗರಾಜನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡ ದಿನದಿಂದ ಅವಳು ಯಾರು ನಕ್ಕರೂ ಯಾಕೆ ನಕ್ಕರು ಎಂದು ಯೋಚಿಸುತ್ತಾಳೆ. ನನ್ನ ಮಗ ಸ್ವರೂಪ್ ಅದಕ್ಕೇ ಮನೆಯಲ್ಲಿ ನಗುವುದನ್ನು ಕಡಿಮೆ ಮಾಡಿದ್ದಾನೆ. ಅಪ್ಪನನ್ನು ಹುಡುಕಿಕೊಡಿ ಎಂದು ಆರಾಧನಾ ಬಂದದ್ದು ಅವಳ ಬಳಿಗೇ.

“ಹಳೇ ರೆಕಾರ್ಡಿಂಗ್ ಇರಬಹುದಾ?” ಗಗನಾ ಕೇಳಿದಳು.

“ಸಾಧ್ಯವೇ ಇಲ್ಲ. ಇವೆಲ್ಲಾ ಇವತ್ತು ಸಂಜೆ ಓಡೋ ಕುದುರೆಗಳು. ನಿನ್ನೆ ಬೆಳಿಗ್ಗೆ ಹಿಂದೆ ಸರಿದ ಕುದುರೆ ಬಗ್ಗೇನೂ ಹೇಳಿದಾರೆ.” ಆರಾಧನಾ ಸ್ವಲ್ಪ ಸಂಕೋಚದಿಂದ ಮುಂದುವರಿಸಿದಳು, “ಇನ್‌ಸ್ಪೆಕ್ಟರಿಗೂ ಕೇಳಿಸ್ದೆ. ವಯಸ್ಸಾದವರು, ಮರೆವು ಬಂದು ಎಲ್ಲೋ ಹೋಗಿರ್ತಾರೆ ಅಂತಿದ್ರಲ್ಲ, ಈಗ ತಾವಾಗೇ ಹೋಗಿದಾರೆ, ಬರ್ತಾರೆ ಬಿಡಿ ಅಂದ್ರು. ನೀವೂ ಇನ್ನು ಓಡಾಡೋದು ಬೇಡ. ಊಟ ಮಾಡ್ಕೊಂಡೇ ಹೋಗಿ.”

ದೊರೆಸ್ವಾಮಿಯವರ ಬಗ್ಗೆ ಎರಡು ಮಾತು ಹೇಳದಿದ್ದರೆ ನಿಮಗೆ ಈ ಸಂಭ್ರಮ ಅರ್ಥವಾಗದು. ಈಗ ಮುಚ್ಚಿಹೋಗಿರುವ ಒಂದು ಸಂಜೆಪತ್ರಿಕೆಯಲ್ಲಿ ಅವರು ನಮ್ಮ ಊರಿನ ರೇಸುಗಳ ಮುನ್ನೋಟ ಬರೆಯುತ್ತಿದ್ದರು. ಎಂದೂ ಒಂದು ರೂಪಾಯಿ ಕಟ್ಟಿದವರಲ್ಲ. ನಿವೃತ್ತರಾದ ಮೇಲೆ ಅವರ ಕಣ್ಣು ಬಿದ್ದದ್ದು ಇಂಗ್ಲೆಂಡಿನ ಚಳಿಗಾಲದ ರೇಸುಗಳ ಮೇಲೆ. ಅಲ್ಲಿ ಕುದುರೆಗಳು ಬರೀ ಓಡುವುದಿಲ್ಲ, ದಾರಿಯುದ್ದಕ್ಕೂ ಬೇಲಿ ಹಾರುತ್ತವೆ. ಶುಕ್ರವಾರ ಸಂಜೆ ದೊರೆಸ್ವಾಮಿಯವರು ಮರುದಿನದ ರೇಸುಗಳನ್ನು ಕನ್ನಡದಲ್ಲಿ ವಿವರಿಸಿ ರೆಕಾರ್ಡ್ ಮಾಡುತ್ತಿದ್ದರು. ಕುಶಾಲ್ ಎಂಬ ಹುಡುಗ ಅದನ್ನು ತನ್ನ ಆನ್‌ಲೈನ್ ಚಾನೆಲ್ಲಿನಲ್ಲಿ ಹಾಕುತ್ತಿದ್ದ.

ಪ್ರತಿ ರೇಸಿಗೂ ಅವರು ಮೂರು ಹೆಸರು ಹೇಳುತ್ತಿದ್ದರು. ಗೆಲ್ಲುವುದು, ಎರಡನೆಯದು, ಮನೆಗೆ ಬರುವುದು. ಈ ಮೂರನೆಯ ಕುದುರೆ ಗೆಲ್ಲಬೇಕೆಂದಿಲ್ಲ. ಕಟ್ಟಕಡೆಯಲ್ಲಿ ಬಂದರೂ ಸರಿ, ಎಲ್ಲ ಬೇಲಿ ಹಾರಿ, ಕಾಲು ಮುರಿದುಕೊಳ್ಳದೆ, ಬೆನ್ನ ಮೇಲಿನ ಹುಡುಗನನ್ನು ಕೆಡವದೆ ಮುಗಿಸಬೇಕು. ಜೂಜಾಡುವವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೂ ಜನ ಅದಕ್ಕಾಗಿಯೇ ಕೇಳುತ್ತಿದ್ದರು. ವಾರವೆಲ್ಲ ಅವರ ಹಳೆಯ ರೆಕಾರ್ಡಿಂಗುಗಳನ್ನು ಕೇಳುತ್ತ ಹುರುಳಿಕಾಯಿ ಸೋಸಿದ ನನಗೂ ಅವರ ಮೇಲೆ ಒಂಥರಾ ಅಕ್ಕರೆ ಹುಟ್ಟಿಬಿಟ್ಟಿತ್ತು.

ಆರಾಧನಾ ಒಳಗೆ ಹೋದಾಗ ಗಗನಾ ನನ್ನನ್ನು ವರಾಂಡಕ್ಕೆ ಎಳೆದಳು.

“ಅತ್ತೆ, ಅವರು ರೇಸಿಗೊಂದು ಸಲ ಕಾಫಿ ಹೀರ್ತಾರೆ. ಹಳೇದ್ರಲ್ಲೆಲ್ಲಾ ಸುರ್ ಅನ್ನೋ ಸದ್ದಿದೆ. ಇದ್ರಲ್ಲಿ ಇಲ್ಲ.”

“ಇನ್ನೊಬ್ಬರ ಮನೇಲಿ ಗಂಟೆಗೊಂದು ಕಾಫಿ ಯಾರು ಕೊಡ್ತಾರೆ? ನೀನೇ ನನಗೆ ಎರಡನೇ ಲೋಟ ಕೊಡಲ್ಲ.”

“ಕೆಮ್ಮಿಲ್ಲ. ಉಸಿರೂ ಇಲ್ಲ.”

ನನ್ನ ತಮಾಷೆ ನಿಂತಿತು. ಆ ಧ್ವನಿ ಕೇಳಿದಾಗಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ನಾನೂ ಹೇಳಲೇಬೇಕಾಯಿತು.

“ಗಗನಾ, ಡ್ರಾ ಚೆನ್ನಾಗಿ ಬಂದಿದೆ ಅಂದ್ರಲ್ಲ. ದೊರೆಸ್ವಾಮಿಯವರು ಹಾಗನ್ನಲ್ಲ ಕಣೇ.”

ನನ್ನ ಫೋನಿನಲ್ಲಿ ಹಳೆಯದೊಂದನ್ನು ಹುಡುಕಿ, ಸದ್ದು ತಗ್ಗಿಸಿ ಅವಳ ಕಿವಿಗೆ ಹಿಡಿದೆ. ದೊರೆಸ್ವಾಮಿಯವರು ಸುರ್ರೆಂದು ಕಾಫಿ ಹೀರಿ ನಗುತ್ತಿದ್ದರು. “ಒಬ್ರು ಕೇಳಿದಾರೆ, ಯಾವ ಕುದುರೆಗೆ ಡ್ರಾ ಒಳ್ಳೇದು ಅಂತ. ಸ್ವಾಮಿ, ನಮ್ಮೂರ ರೇಸಲ್ಲಿ ಕುದುರೆಗಳು ಸಾಲಾಗಿರೋ ಬಾಕ್ಸಿಂದ ಹೊರಡ್ತವೆ. ಯಾರಿಗೆ ಯಾವ ಬಾಕ್ಸು ಅಂತ ಚೀಟಿ ಎತ್ತೋದು ಡ್ರಾ. ಜಿಗಿಯೋ ರೇಸಲ್ಲಿ ಬಾಕ್ಸೂ ಇಲ್ಲ, ಡ್ರಾನೂ ಇಲ್ಲ. ಅಡ್ಡ ಒಂದು ಪಟ್ಟಿ ಕಟ್ಟಿರ್ತಾರೆ. ಮದುವೆ ಮನೆಗೆ ಬಂದ ನೆಂಟರ ಥರ ಗುಂಪಾಗಿ ನಡ್ಕೊಂಡು ಬಂದು, ಪಟ್ಟಿ ಎದ್ದ ತಕ್ಷಣ ಹೊರಡ್ತವೆ.”

ಗಗನಾ ಕಣ್ಣು ಮುಚ್ಚಿ ನಿಂತಳು.

“ಧ್ವನಿ ಕಂಪ್ಯೂಟರ್‌ದು,” ಎಂದಳು. “ಆದ್ರೆ ಮಾತು ಕಂಪ್ಯೂಟರ್‌ದಲ್ಲ. ಇಂಗ್ಲಿಷ್ ಪೇಪರ್ ನೋಡಿ ಬರೆದಿದ್ರೆ ಈ ತಪ್ಪು ಬರ್ತಾನೇ ಇರ್ಲಿಲ್ಲ. ನಮ್ಮೂರ ರೇಸಲ್ಲಿ ಹುಟ್ಟಿ ಬೆಳೆದವರು, ಡ್ರಾ ನೋಡದೆ ಕುದುರೆ ಹೆಸರೇ ಎತ್ತದವರು, ಅವರೇ ಬರೆದಿರೋದು.”

ಅಂಥವರು ದೊರೆಸ್ವಾಮಿಯವರ ಬಳಗದಲ್ಲಿ ಇದ್ದದ್ದು ಒಬ್ಬರೇ. ಚಾಮರಾಜಪೇಟೆಯ ಆಂಜಿನಯ್ಯ. ಹಿಂದೆ ಜಾಕಿಯಾಗಿದ್ದವರು. ಚಾನೆಲ್ ನಡೆಸುವ ಕುಶಾಲ್ ಅವರ ತಂಗಿಯ ಮಗ.

ಒಳಗಿನಿಂದ ಆರಾಧನಾ ಕೂಗಿದಳು, “ಹಪ್ಪಳ ಕರೀಲಾ?”

“ಮಧ್ಯಾಹ್ನಕ್ಕೆ ಬಂದುಬಿಡ್ತೀವಿ,” ಎಂದೆ. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಆ ಧ್ವನಿ ಸುಳ್ಳಾದರೆ, ದೊರೆಸ್ವಾಮಿ ಬದುಕಿದ್ದಾರೆ ಎನ್ನಲು ಇನ್ನೇನೂ ಉಳಿದಿರಲಿಲ್ಲ.

*

ಗಗನಾಳ ಸ್ಕೂಟರಿನ ಹಿಂದೆ ಕೂರುವುದೆಂದರೆ ನನಗೆ ದೇವರ ನೆನಪು ಹೆಚ್ಚು. ಆಶ್ರಮದ ಸರ್ಕಲ್ಲಿನಲ್ಲಿ ಒಂದು ಆಟೋಗೂ ಒಂದು ಎಳನೀರಿನ ಗಾಡಿಗೂ ನಡುವೆ ನಾವು ತೂರಿದ ಬಗೆಯನ್ನು ನಾನು ಇನ್ನೂ ಸ್ವರೂಪನಿಗೆ ಹೇಳಿಲ್ಲ.

ಆಂಜಿನಯ್ಯನವರು ಮನೆಯ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಎಂಬತ್ತರ ಹತ್ತಿರದ ಪುಟ್ಟ ಆಳು. ಜಗಲಿಯಿಂದ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಅಮುಕಿ ಪಾತ್ರೆಗೆ ಹಾರಿಸುತ್ತಿದ್ದರು. ಪಕ್ಕದಲ್ಲಿ ಕುಶಾಲ್ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ನಮ್ಮನ್ನು ಕಂಡವನೇ ಅದನ್ನು ಮುಚ್ಚಿದ. ನನಗೆ ಅವನ ಮೇಲೆ ಮೊದಲಿನಿಂದಲೂ ಅನುಮಾನ. ಹಗಲುಹೊತ್ತಿನಲ್ಲಿ ಅಷ್ಟು ಸೆಂಟು ಹಾಕಿಕೊಳ್ಳುವ ಗಂಡಸನ್ನು ನಾನು ನಂಬುವುದಿಲ್ಲ.

“ಬನ್ನಿ ಮೇಡಂ, ಕೂತ್ಕೊಳ್ಳಿ. ಸ್ವಾಮಿ ಸುದ್ದಿ ಬಂತಲ್ಲ, ಮನಸ್ಸು ಹಗುರ ಆಯ್ತು,” ಎಂದರು ಆಂಜಿನಯ್ಯ.

ಗಗನಾ ಅವರ ಪಕ್ಕದಲ್ಲೇ ಕೂತಳು. ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು.

“ಇವತ್ತು ಮೂರನೇ ರೇಸು ಯಾರ್ದು ಆಂಜಿನಯ್ಯನೋರೇ?”

“ಸ್ವಾಮಿ ಹೇಳಿದಾರಲ್ಲಮ್ಮ. ಮುದಿ ವಕೀಲ್ರು.”

“ಗ್ರೇ ಕರ್ನಲ್ ಯಾಕಲ್ಲ?”

“ಡ್ರಾ ನೋಡಿ. ವಕೀಲ್ರು ಒಂದನೇ ನಂಬರು, ಅಂದ್ರೆ ಒಳಗಿನ ಬಾಕ್ಸು. ಒಳಗಿಂದ ಎದ್ರೆ ತಿರುವಲ್ಲಿ ಎಷ್ಟೊಂದು ಜಾಗ ಉಳೀತದೆ. ನಾನು ಹಂಗೇ ಎಷ್ಟು ಕುದುರೆ ಗೆಲ್ಸಿದೀನಿ ಗೊತ್ತಾ?”

“ಜಿಗಿಯೋ ರೇಸಲ್ಲಿ ಬಾಕ್ಸೇ ಇಲ್ಲ,” ಎಂದಳು ಗಗನಾ. “ಕಾರ್ಡಲ್ಲಿರೋ ನಂಬರು ಬರೀ ಗುರುತಿಗೆ.”

ಆಂಜಿನಯ್ಯನವರ ಬೆರಳುಗಳ ನಡುವಿನ ಕಾಳು ಹಾರಲಿಲ್ಲ.

“ದೊರೆಸ್ವಾಮಿಯವರು ನಿಮಗೆ ಎಷ್ಟು ಸಲ ಹೇಳಿರ್ತಾರೆ. ಹೂಂ ಹೂಂ ಅಂದಿರ್ತೀರಿ. ಬರೆಯೋಕೆ ಕೂತಾಗ ಕೈಗೆ ಹಳೇ ಅಭ್ಯಾಸವೇ ಬಂದಿದೆ. ಮಾತು ನಿಮ್ದು. ಧ್ವನಿ ಕುಶಾಲ್ ಲ್ಯಾಪ್‌ಟಾಪಿಂದು. ಸರೀನಾ?”

“ಮೇಡಂ, ಅದು…” ಕುಶಾಲ್ ಎದ್ದ.

“ನೀನು ಸುಮ್ನಿರು,” ಎಂದರು ಆಂಜಿನಯ್ಯ. ಬೆರಳಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿದರು. “ಅವನದೇನೂ ತಪ್ಪಿಲ್ಲ. ನಾನೇ ಗೋಗರೆದು ಮಾಡಿಸ್ದೆ.”

“ಯಾಕೆ?”

“ಆ ಕೂಸು ದಿನಾ ಸಂಜೆ ಇಲ್ಲಿಗೆ ಬರ್ತಿತ್ತಮ್ಮ. ಇದೇ ಕಲ್ಲಿನ ಮೇಲೆ ಕೂತು, ಮಾಮ, ಅಪ್ಪ ನಿಮ್ಮ ಹತ್ರ ಏನಾದ್ರೂ ಅಂದಿದ್ರಾ, ನಾನೇನಾದ್ರೂ ನೋಯಿಸಿದ್ನಾ ಅಂತ ಕೇಳ್ತಿತ್ತು. ನನ್ನ ಹೆಗಲ ಮೇಲೆ ಕೂತು ಕುದುರೆ ಕುದುರೆ ಅಂತ ಆಡಿದ ಮಗು. ಊಟ ಇಲ್ಲ, ನಿದ್ದೆ ಇಲ್ಲ. ಶುಕ್ರವಾರ ಅಪ್ಪನ ಧ್ವನಿ ಕೇಳಿಸಿದ್ರೆ ಒಂದು ರಾತ್ರಿನಾದ್ರೂ ಮಲಗ್ತಾಳೆ ಅಂತ…” ಅವರು ತಲೆಯೆತ್ತಿ ನನ್ನತ್ತ ನೋಡಿದರು. “ಮಲಗಿದ್ಲಾ?”

“ಮಲಗಿದ್ಲು,” ಎಂದೆ ನಾನು. ಅಷ್ಟಾದರೂ ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ.

ಗಗನಾ ಅಷ್ಟಕ್ಕೆ ಬಿಡಲಿಲ್ಲ. ಅವಳ ದನಿ ಏರಲೂ ಇಲ್ಲ, ಅದು ಇನ್ನೂ ಕಷ್ಟ.

“ನಿಮ್ಮ ಪ್ರೀತಿ ನನಗೆ ಅರ್ಥ ಆಗತ್ತೆ. ಆದ್ರೆ ಅದನ್ನ ಕೇಳಿ ಪೊಲೀಸ್ನೋರು ಹುಡುಕೋದು ನಿಲ್ಸಿದಾರೆ. ಆರಾಧನಾ ನಮಗೂ ಸಾಕು ಅಂದ್ರು. ಮಾತ್ರೆ ಇಲ್ಲದೆ ಒಂದು ವಾರ. ಈ ಹೊತ್ತಲ್ಲಿ ಅವರನ್ನ ಹುಡುಕ್ತಿರೋರು ಯಾರೂ ಇಲ್ಲ, ಆಂಜಿನಯ್ಯನೋರೇ. ನಿಮಗೆ ಅವರೆಲ್ಲಿದಾರೆ ಅಂತ ಗೊತ್ತಾ?”

“ನನ್ನ ಮೊಮ್ಮಕ್ಕಳಾಣೆ, ಗೊತ್ತಿಲ್ಲ.”

ಆ ಮುದುಕರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರೆಕಾಳಿನ ನೀರು ಮುಂಗೈಯಿಂದ ಇಳಿದು ಅಂಗಿಯ ತೋಳನ್ನು ನೆನೆಸಿತು. ನನಗೆ ಸೊಸೆಯ ಮೇಲೆ ಸಿಟ್ಟು ಬಂತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂಬುದಕ್ಕೆ ಇನ್ನೂ ಸಿಟ್ಟು ಬಂತು.

“ಆಯ್ತು, ಏಳಿ,” ಎಂದಳು ಗಗನಾ, ತನ್ನ ದುಪಟ್ಟಾದಿಂದಲೇ ಅವರ ಕೈ ಒರೆಸುತ್ತ. “ಮೊದಲು ಆರಾಧನಾಗೆ ಹೇಳಬೇಕು.”

“ನಾನೇ ಹೇಳ್ತೀನಮ್ಮ.”

“ಊಟ ಆದ ಮೇಲೆ,” ಎಂದೆ ನಾನು. “ಆ ಹುಡುಗಿ ಊಟ ಮಾಡೋ ತನಕ ಯಾರಾದ್ರೂ ಬಾಯಿ ಬಿಟ್ರೆ ನನ್ನಷ್ಟು ಕೆಟ್ಟವಳು ಯಾರೂ ಇಲ್ಲ.”

*

ಬಡಿಸಿದವಳೂ ಆರಾಧನಾಳೇ, ನಗಿಸಿದವಳೂ ಅವಳೇ. ಹುಳಿಯಲ್ಲಿ ಉಪ್ಪು ಕಡಿಮೆಯಿತ್ತು. ನಾವು ನಾಲ್ವರೂ ಚೆನ್ನಾಗಿದೆ ಎಂದು ಬಾಯಿ ಚಪ್ಪರಿಸಿ ಉಂಡೆವು. ಅವಳು ಮಜ್ಜಿಗೆ ಅನ್ನ ಮುಗಿಸುವವರೆಗೂ ನಾನು ಅವಳ ತಟ್ಟೆಯ ಮೇಲೆ ಕಣ್ಣಿಟ್ಟಿದ್ದೆ.

ಆಮೇಲೆ ಆಂಜಿನಯ್ಯ ಹೇಳಿದರು. ಸುತ್ತಿಬಳಸಲಿಲ್ಲ. “ಮಗಾ, ನಿನ್ನೆ ಬಂದಿದ್ದು ಅಪ್ಪಂದಲ್ಲ. ನಾನು ಬರೆದಿದ್ದು. ಕುಶಾಲ ಮಿಷನ್ನಲ್ಲಿ ಮಾಡಿದ್ದು.”

ಆರಾಧನಾ ಎದ್ದು ಹೋಗಿ ಕೈ ತೊಳೆದಳು. ನಲ್ಲಿ ಬಹಳ ಹೊತ್ತು ಹರಿಯುತ್ತಲೇ ಇತ್ತು. ನಾನು ಹೋಗಿ ನಿಲ್ಲಿಸಿದೆ. ಅವಳು ನನ್ನ ಹೆಗಲಿಗೆ ಹಣೆಯೊತ್ತಿ ನಿಂತಳು.

“ಹಾಗಾದ್ರೆ ಅಪ್ಪ ಮಾತಾಡ್ಲೇ ಇಲ್ವಾ ಆಂಟಿ?”

ನಾನು ಅವಳ ಬೆನ್ನು ಸವರಿದೆ.

ವಾಪಸು ಬಂದವಳು ಆಂಜಿನಯ್ಯನವರ ಎದುರು ಕೂತಳು. ಬಯ್ಯುತ್ತಾಳೆ ಎಂದುಕೊಂಡೆ. ಬೈದಳು ಕೂಡ. “ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿಮ್ಮ ಹತ್ರ ಮಾತೇ ಆಡಲ್ಲ ಮಾಮ.” ಸ್ವಲ್ಪ ಹೊತ್ತಿನ ಮೇಲೆ, “ಒಂದೊಂದು ಬೇಲಿನೂ ಓದಿ ಹಾರ್ತಾರೆ ಅಂತ ಬರೆದಿದ್ರಲ್ಲ, ಅದು ಅಪ್ಪನ ಥರಾನೇ ಇತ್ತು,” ಎಂದಳು. ಆ ಮುದುಕರು ಮತ್ತೆ ಕಣ್ಣೊರೆಸಿಕೊಂಡರು.

ಗಗನಾ ಕುರ್ಚಿ ಮುಂದಕ್ಕೆಳೆದಳು.

“ನಿಮ್ಮ ಅಪ್ಪ ಎಲ್ಲಾದ್ರೂ ಇರಲಿ, ಇವತ್ತು ಶನಿವಾರ. ಕೈಗೆ ಒಂದು ಫೋನ್ ಸಿಕ್ಕಿದ್ರೂ ರೇಸು ನೋಡದೆ ಇರ್ತಾರಾ?”

“ನಂಗೆ ಜ್ವರ ಬಂದು ಆಸ್ಪತ್ರೆಗೆ ಸೇರ್ಸಿದ್ದಾಗಲೂ ಮಂಚದ ಪಕ್ಕ ಕೂತು ನೋಡಿದಾರೆ.”

“ಹಾಗಾದ್ರೆ ಚಾನೆಲ್ಲೂ ನೋಡ್ತಾರೆ. ಅವರ ಧ್ವನಿಯಲ್ಲೇ ತಪ್ಪು ಮಾತು ಬಂದ್ರೆ ಏನ್ಮಾಡ್ತಾರೆ?”

ಆರಾಧನಾಳ ಕಣ್ಣು ಅಗಲವಾದವು. “ಸಹಿಸಲ್ಲ. ಒಂದ್ಸಲ ಪೇಪರಲ್ಲಿ ಕುದುರೆ ಬಣ್ಣ ತಪ್ಪಾಗಿ ಅಚ್ಚಾಗಿತ್ತು ಅಂತ ನನ್ನ ಹುಟ್ಟುಹಬ್ಬದ ಊಟ ಬಿಟ್ಟು ಪ್ರೆಸ್ಸಿಗೆ ಓಡಿದ್ರು.”

“ನಿನ್ನೆಯದ್ರಲ್ಲಿ ಒಂದೇ ತಪ್ಪಿತ್ತು. ಅವರ ಕಿವಿಗೆ ಬೀಳದೇನೂ ಇರಬಹುದು. ಇವತ್ತು ಇನ್ನೊಂದು ಹಾಕೋಣ. ತುಂಬಾ ತಪ್ಪಿರೋದು. ಕೆಳಗಡೆ ಕುಶಾಲ್ ನಂಬರ್ ಕೊಟ್ಟು, ತಪ್ಪಿದ್ರೆ ತಿಳಿಸಿ ಅನ್ನೋಣ.”

“ಸ್ವಾಮಿ ಹೆಸರು ಕೆಡಸೋದಾ?” ಆಂಜಿನಯ್ಯ ಹೌಹಾರಿದರು.

“ಅವರು ಬಂದು ಸರಿಮಾಡ್ಕೊಳ್ಲಿ ಮಾಮ,” ಎಂದಳು ಆರಾಧನಾ. “ಬರೀತೀನಿ ಕೊಡಿ.”

ಅಪ್ಪನಿಗೆ ಯಾವ ಮಾತು ಎಲ್ಲಿ ಚುಚ್ಚುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಹೇಳುತ್ತ ಹೋದಳು, ಕುಶಾಲ್ ಟೈಪ್ ಮಾಡುತ್ತ ಹೋದ.

“ಗ್ರೇ ಕರ್ನಲ್‌ಗೆ ಕೆಸರು ಕಂಡ್ರೆ ಆಗಲ್ಲ, ಗಟ್ಟಿ ನೆಲ ಬೇಕು. ಕೆಸರಿನ ರಾಜ ಅಂತ ಹಾಕು. ಮಿಸ್ ಕೆಟಲ್ ಹೆಣ್ಣು ಕುದುರೆ. ಅಪ್ಪ ಅವಳನ್ನ ಕೆಟಲಮ್ಮ ಅಂತಾರೆ. ಬಲಿಷ್ಠ ಗಂಡು ಅಂತ ಬರಿ. ಅವಳ ಹಳೇ ಗಾಯ ಮುಂಗಾಲಲ್ಲಿ, ನೀನು ಹಿಂಗಾಲು ಅನ್ನು.”

“ಮನೆಗೆ ಬರೋ ಕುದುರೆ?” ಕುಶಾಲ್ ಕೇಳಿದ.

“ಟೀ ಪ್ಲಾಂಟರ್. ಹೋದ ಸಲ ಮೊದಲನೇ ಬೇಲಿ ಮುಂದೇನೇ ನಿಂತು, ಹಾರಲ್ಲ ಹೋಗಿ ಅಂತ ಹುಲ್ಲು ತಿನ್ನೋಕೆ ಶುರುಮಾಡಿತ್ತು.”

ಹೇಳುತ್ತ ಹೇಳುತ್ತ ನಕ್ಕಳು. ಹಾಗೇ ಕಣ್ಣು ತುಂಬಿ ಬಂತು. ಒಂದು ವಾರದ ದುಃಖವೂ ಅಪ್ಪನ ಮೇಲಿನ ಸಿಟ್ಟೂ ಆ ಪಾಪದ ಕುದುರೆಗಳ ತಲೆಗೆ ಬಿತ್ತು. ಕುಶಾಲ್ ಒಂದು ಗುಂಡಿ ಒತ್ತಿದ. ದೊರೆಸ್ವಾಮಿಯವರ ಮಧುರವಾದ ಧ್ವನಿಯಲ್ಲಿ ಶುದ್ಧ ಅಸಂಬದ್ಧ ಹೊರಬಿತ್ತು. ಅವರು ನಿಜವಾಗಿ ಎಲ್ಲಾದರೂ ಕೇಳುತ್ತಿದ್ದಾರಾ ಎಂದುಕೊಂಡೆ ನಾನು.

*

ಇಂಗ್ಲೆಂಡಿನಲ್ಲಿ ಮಧ್ಯಾಹ್ನವಾಗುವ ಹೊತ್ತಿಗೆ ನಮಗೆ ಸಂಜೆ. ಟ್ಯಾಬ್ಲೆಟ್ಟಿನಲ್ಲಿ ಹಸಿರು ಮೈದಾನ ಕಾಣಿಸಿತು. ಕುದುರೆಗಳ ಮೂಗಿನಿಂದ ಹಬೆ ಏಳುತ್ತಿತ್ತು. ಕುಶಾಲನ ಫೋನ್ ಮಾತ್ರ ಎಡೆಬಿಡದೆ ಬಡಿದುಕೊಳ್ಳುತ್ತಿತ್ತು.

“ಏನ್ ಗುರು, ತಾತಂಗೆ ಏನಾಯ್ತು? ಕೆಟಲಮ್ಮ ಗಂಡಂತೆ!” ಎಂದವನು ರಾಜಾಜಿನಗರದವನು. “ದೊರೆಸ್ವಾಮಿಗಳಿಗೆ ಮೈ ಹುಷಾರಿಲ್ವಾ? ಪೂಜೆ ಮಾಡಿಸ್ಲಾ?” ಎಂದು ಮಂಡ್ಯದ ಒಬ್ಬರು ಹೆಂಗಸು ಕೇಳಿದರು. ಅವರ ಆತಂಕ ಕೇಳಿ ನನಗೆ ನಾಚಿಕೆಯಾಯಿತು. ಮೊದಲ ರೇಸು ಮುಗಿಯಿತು. ಎರಡನೆಯದೂ ಮುಗಿಯಿತು. ಬಂದ ಕರೆಗಳಲ್ಲಿ ನಮಗೆ ಬೇಕಾದ ದನಿ ಇರಲಿಲ್ಲ. ಪ್ರತಿ ಸಲ ಫೋನು ಸದ್ದು ಮಾಡಿದಾಗಲೂ ಆರಾಧನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಮೂರನೇ ರೇಸಿನ ಕುದುರೆಗಳು ಪಟ್ಟಿಯ ಮುಂದೆ ಸೇರುತ್ತಿದ್ದಾಗ ಒಂದು ಲ್ಯಾಂಡ್‌ಲೈನಿನಿಂದ ಕರೆ ಬಂತು. ಬೆಂಗಳೂರಿನದೇ ನಂಬರು. ಗಗನಾ ಸ್ಪೀಕರಿಗೆ ಹಾಕಿದಳು.

“ಯಾರಪ್ಪ ಅದು, ನನ್ನ ಗಂಟಲಲ್ಲಿ ಕೂತು ಸುಳ್ಳು ಹೇಳ್ತಿರೋನು?”

ಮೊದಲು ಕೆಮ್ಮು ಬಂತು, ಆಮೇಲೆ ಏದುಸಿರು. ಆಂಜಿನಯ್ಯ ಸದ್ದಿಲ್ಲದೆ ಕೈಮುಗಿದರು.

“ಕರ್ನಲ್ ಕೆಸರಿನ ರಾಜನಾ? ಆ ಹೆಣ್ಣು ಕೂಸನ್ನ ಗಂಡು ಅಂತೀರಾ? ಅವಳ ಗಾಯ ಮುಂಗಾಲಿಂದು ಕಣಯ್ಯ, ಎಡ ಮುಂಗಾಲು! ಟೀ ಪ್ಲಾಂಟರ್ ಮನೆಗೆ ಬರತ್ತಂತೆ! ಕೇಳಿದ ಜನ ಏನಂದ್ಕೊಂಡಾರು? ಮೊದ್ಲು ತೆಗೀರಿ ಅದನ್ನ!”

ಗಗನಾ ತುಟಿಯ ಮೇಲೆ ಬೆರಳಿಟ್ಟು ಆರಾಧನಾಳನ್ನು ತಡೆಯಲು ನೋಡಿದಳು. ಅವರನ್ನು ಇನ್ನಷ್ಟು ಮಾತಾಡಿಸಬೇಕೆಂಬುದು ಅವಳ ಲೆಕ್ಕ. ಆದರೆ ಮಗಳನ್ನು ತಡೆಯುವುದು ಪತ್ತೇದಾರರಿಂದ ಆಗುವ ಕೆಲಸವಲ್ಲ.

“ಅಪ್ಪಾ,” ಎಂದಳು ಆರಾಧನಾ.

ಆ ಕಡೆ ಮಾತು ನಿಂತಿತು. ಟ್ಯಾಬ್ಲೆಟ್ಟಿನಲ್ಲಿ ಪಟ್ಟಿ ಮೇಲೆದ್ದು ಕುದುರೆಗಳು ಹೊರಟವು. ಯಾರೂ ನೋಡಲಿಲ್ಲ. ಮರೆವು ಬಂದಿರಬಹುದು ಎಂದು ಇನ್‌ಸ್ಪೆಕ್ಟರ್ ಹೇಳಿದ್ದು ನನಗೆ ನೆನಪಾಯಿತು. ಕುದುರೆಯ ಯಾವ ಕಾಲಿಗೆ ಗಾಯವೆಂದು ನೆನಪಿದ್ದು, ಮಗಳನ್ನು ನೀವ್ಯಾರಮ್ಮ ಎಂದು ಕೇಳಿಬಿಟ್ಟರೆ? ದೇವರೇ, ಅದೊಂದು ಬೇಡ ಎಂದುಕೊಂಡೆ.

“ಗೊತ್ತು ಪುಟ್ಟಿ,” ಎಂದರು ದೊರೆಸ್ವಾಮಿ. ದನಿ ಈಗ ಮೆತ್ತಗಾಗಿತ್ತು. “ಇಷ್ಟು ತಪ್ಪನ್ನ ಆರಿಸಿ ಆರಿಸಿ ಮಾಡಬೇಕಾದ್ರೆ ಎಲ್ಲಾ ಸರಿಯಾಗಿ ಗೊತ್ತಿರಬೇಕು. ನನ್ನನ್ನ ಬಿಟ್ರೆ ಅಷ್ಟು ಗೊತ್ತಿರೋಳು ನೀನೊಬ್ಳೇ. ಕೇಳ್ತಿದ್ದ ಹಾಗೇ ತಿಳೀತು. ಆದ್ರೂ ತಡೆಯೋಕಾಗ್ಲಿಲ್ಲ ನೋಡು.”

“ಎಲ್ಲಿದೀರಪ್ಪ? ಮಾತ್ರೆ ಬಿಟ್ಟು ಹೋಗಿದೀರ. ನಾನೇನು ತಪ್ಪು ಮಾಡ್ದೆ?”

“ನೀನೇನು ಮಾಡಿದೀಯ ಕಂದ? ನೀನು ಯಾವತ್ತೂ ಏನೂ ಮಾಡಿಲ್ಲ. ಊಟ ಮಾಡಿದ್ಯಾ?”

“ಮಾಡ್ದೆ. ನೀವು ಬನ್ನಿ. ಈಗಲೇ ಬನ್ನಿ. ಎಲ್ಲಿ ಅಂತ ಹೇಳಿ, ನಾನೇ ಬರ್ತೀನಿ.”

“ಈಗಾಗಲ್ಲಮ್ಮ. ಇವಳನ್ನ ಹೀಗೆ ಬಿಟ್ಟು ಬರೋಕಾಗಲ್ಲ. ನನ್ನ ಮಾತ್ರೆನೂ ಇವಳ ಮನೆಯವರೇ ತಂದ್ಕೊಟ್ರು. ಹುಷಾರಾಗ್ಲಿ, ಆಮೇಲೆ ಎಲ್ಲಾ ಹೇಳ್ತೀನಿ.”

“ಇವಳು ಅಂದ್ರೆ ಯಾರಪ್ಪ?”

ದೂರದಲ್ಲಿ ಯಾರೋ ನರಳಿದ ಸದ್ದು. ಒಂದು ಬಾಗಿಲು ಹಾಕಿಕೊಂಡಿತು. ದೊರೆಸ್ವಾಮಿಯವರು ಫೋನಿಗೆ ಬಾಯಿ ಹತ್ತಿರ ತಂದು ಹೇಳಿದರು.

“ನಿನ್ನಕ್ಕ.”

ಲೈನು ಕಟ್ಟಾಯಿತು.

ಗಗನಾ ಆಗಲೇ ಆ ನಂಬರಿಗೆ ವಾಪಸು ಒತ್ತುತ್ತಿದ್ದಳು. ಗಂಟೆ ಹೋಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

“ಆಂಟಿ, ನನಗೆ ಅಕ್ಕ ಇಲ್ಲ,” ಎಂದಳು ಆರಾಧನಾ. ಮೊದಲು ನನ್ನತ್ತ, ಆಮೇಲೆ ಗಗನಾಳತ್ತ ತಿರುಗಿದಳು. “ನಾನೊಬ್ಳೇ ಮಗಳು. ಅಲ್ವಾ ಮಾಮ?”

ಆಂಜಿನಯ್ಯ ಗೋಡೆ ಹಿಡಿದು ಎದ್ದು ನಿಂತರು. ಫೋನಿನ ಕಡೆಗೆ ಕೈ ಚಾಚಿ ಗಗನಾಳನ್ನು ಕೇಳಿದರು.

“ಸ್ವಾಮಿ ದೊಡ್ಡ ಮಗಳು, ಗೋದಾ… ಬದುಕಿದಾಳಾ?”